ಮೂರೂರಿನ ಚುಕ್ಕಿಗಳು

ಕಂಪನಿಯ ಹೆಸರು ‘ಸರಾಗ ಸೇವೆ’. ಅಲ್ಲಿ ಸರಾಗವಾಗಿ ನಡೆಯುತ್ತಿದ್ದದ್ದು ಬೋರ್ಡಿನ ಮೇಲಿನ ದೀಪ ಒಂದೇ. ಪಹಣಿ ತೆಗೆದುಕೊಡುವ, ಅರ್ಜಿ ತುಂಬಿಕೊಡುವ ಕೌಂಟರುಗಳು ಕಡೂರಿನಲ್ಲೊಂದು, ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು. ಅಜ್ಜಂಪುರದ ಕಿಟಕಿಯಲ್ಲಿ ಒಂಬತ್ತು ವರ್ಷದಿಂದ ಕೂತಿದ್ದವಳು ಶಿರೀನ್ ತಾಜ್, ವಾಚ್ ರಿಪೇರಿ ಮುನೀರ್ ಪಾಷಾರ ಮಗಳು. ಅವಳ ಬೆರಳ ಓಟ ನೋಡಲೆಂದೇ ಜನ ಕಿಟಕಿಗೆ ಮೂಗು ಒತ್ತುತ್ತಿದ್ದ ಕಾಲವೊಂದಿತ್ತು.

ಅಂಥವಳಿಗೆ ಈಗ ‘ನಿಧಾನದವಳು’ ಎಂಬ ಬಿರುದು. ಗುಂಡಿ ಒತ್ತಿದರೆ ಪರದೆಯಲ್ಲಿ ಚಕ್ರ ಸುತ್ತುತ್ತ ಕೂರುತ್ತಿತ್ತು.

“ಸರ್ವರ್ ಇಲ್ಲ, ಯಜಮಾನ್ರೇ.”

“ಸರ್ವರ್ರೋ, ನಿನ್ ಕೈಯ್ಯೋ? ಮೂರು ದಿನದಿಂದ ಬತ್ತಾ ಇವ್ನಿ ಕಣಮ್ಮ!” ಎಂದು ಮುದುಕ ಕರಿಸಿದ್ದಪ್ಪ ದೂರಿನ ಪುಸ್ತಕ ಕೇಳಿದ. ಅದು ಹನ್ನೊಂದನೇ ದೂರು. ಮೇಲ್ವಿಚಾರಕ ರೇಣುಕಪ್ರಸಾದ್ ಫೋನಿನಲ್ಲೇ ತೀರ್ಪು ಕೊಟ್ಟ: “ನೋಡಮ್ಮ, ತಿಂಗಳೊಳಗೆ ಸರಿಹೋಗ್ದಿದ್ರೆ ಬೇರೆಯವರನ್ನ ಕೂರಿಸ್ತೀನಿ.”

ಶಿರೀನ್‌ಗೆ ಮೈಯೆಲ್ಲ ಉರಿಯಿತು. ಅಪ್ಪನ ಅಂಗಡಿಯಿಂದ ಹಳೇ ಸ್ಟಾಪ್‌ವಾಚ್ ತಂದಳು, ಗ್ರಾಫ್ ಹಾಳೆ ಕೊಂಡಳು. ಗಂಟೆಗೆ ಬಂದ ಜನರ ಲೆಕ್ಕ ಅಡ್ಡಗೆರೆಗೆ, ಗುಂಡಿ ಒತ್ತಿದ ಮೇಲೆ ಉತ್ತರ ಬರಲು ಹಿಡಿದ ಹೊತ್ತು ನೆಟ್ಟಗೆರೆಗೆ. ವಾರವಿಡೀ ಚುಕ್ಕಿ ಇಟ್ಟು ನೋಡಿದರೆ ರಾಗಿ ಚೆಲ್ಲಿದ ಹಾಗಿತ್ತು! ಐದು ಜನ ಇದ್ದಾಗ ನಾಲ್ಕು ನಿಮಿಷ, ಹನ್ನೆರಡು ಜನ ಇದ್ದಾಗ ಆರು ಸೆಕೆಂಡ್. ತಲೆಬುಡ ಇಲ್ಲ. ಹಾಳೆ ಮುದುರಿ ಎಸೆದಳು. ಆಮೇಲೆ ತಾನೇ ಹೋಗಿ ಎತ್ತಿಕೊಂಡು ಬಂದಳು.

ಹೊಳೆದದ್ದು ಒಂದು ಮಧ್ಯಾಹ್ನ. ಕಿಟಕಿಯಲ್ಲಿ ಒಬ್ಬನೇ ಗಿರಾಕಿ, ಆದರೂ ಚಕ್ರ ಸುತ್ತುತ್ತಲೇ ಇತ್ತು. ಅವತ್ತು ಕಡೂರಿನ ಸಂತೆ. ಮೂರೂರಿಗೂ ಇರುವುದು ಒಂದೇ ಸರ್ವರ್, ತಾನು ಎಣಿಸುತ್ತಿದ್ದದ್ದು ತನ್ನ ಸಾಲನ್ನು ಮಾತ್ರ!

ಕಡೂರಿನ ಕೌಂಟರಿನ ಭೂಮಿಕಾಗೂ ತರೀಕೆರೆ ಕೌಂಟರಿನ ತೀರ್ಥೇಶನಿಗೂ ಹೇಳಿ ಅವರವರ ಜನರ ಲೆಕ್ಕವನ್ನೂ ತರಿಸಿಕೊಂಡಳು. ಮೂರನ್ನೂ ಕೂಡಿ ಚುಕ್ಕಿ ಇಟ್ಟಳು. ಮೂವತ್ತು ಜನದವರೆಗೆ ಚುಕ್ಕಿಗಳು ತಣ್ಣಗೆ ನೆಲದಲ್ಲಿ ಮಲಗಿದ್ದವು. ಮೂವತ್ತು ದಾಟಿದ್ದೇ ತಡ, ತೆಂಗಿನಮರದ ಹಾಗೆ ನೆಟ್ಟಗೆ ಎದ್ದವು. “ಸಿಕ್ಕಿಬಿದ್ಯಲ್ಲ ಕಳ್ಳ!” ಎಂದು ಮೇಜು ಗುದ್ದಿದಳು. ಅದೇ ದಿನ ಹಾಳೆಯ ಫೋಟೋ ರೇಣುಕಪ್ರಸಾದನಿಗೆ ಹೋಯಿತು.

ನಾಲ್ಕು ದಿನಕ್ಕೆ ಫೋನ್ ಬಂತು. “ಭೇಷ್ ಕಣಮ್ಮ. ತಪ್ಪು ನಿಂದಲ್ಲ ಅಂತ ಮೇಲಿನವರಿಗೂ ಗೊತ್ತಾಯ್ತು. ಮೂವತ್ತು ದಾಟಬಾರ್ದು, ಅಲ್ವಾ? ಅದಕ್ಕೇ ಅಜ್ಜಂಪುರದ ಕೌಂಟರ್ ಮುಚ್ತಾ ಇದೀವಿ.”

“ಕೌಂಟರ್ ಮುಚ್ಚಿದ್ರೆ ಜನ ಮಾಯ ಆಗ್ತಾರಾ ಸಾರ್? ತರೀಕೆರೆಗೆ ಹೋಗ್ತಾರೆ.”

“ಗೊತ್ತು. ಅದಕ್ಕೇ ನಿನ್ನ ಕಂಪ್ಯೂಟರ್ ಅಲ್ಲಿಗೇ ಸಾಗಿಸ್ತೀವಿ. ಅದರ ಮುಂದೆ ಕೂರೋಕೆ ಆ ಊರಿನವಳೇ ಒಬ್ಬ ಹುಡುಗಿ ಸಿಕ್ಕಿದ್ದಾಳೆ.”

“ಅಲ್ಲಿಂದ ಒತ್ತಿದ್ರೂ ಅದೇ ಸರ್ವರ್ ತಾನೆ ಸಾರ್!” ಎಂದು ಕೂಗಿದಳು. ಲೈನ್ ಕಟ್ಟಾಗಿತ್ತು. ಒಂಬತ್ತು ವರ್ಷದ ಕೆಲಸವನ್ನು ತನ್ನ ಪೆನ್ಸಿಲಿನಿಂದಲೇ ಅಳಿಸಿಕೊಂಡಿದ್ದಳು.

ಸೋಮವಾರ ಬಾಗಿಲಿಗೆ ಬೀಗ ಬಿತ್ತು. ಮಧ್ಯಾಹ್ನ ತರೀಕೆರೆಯಿಂದ ತೀರ್ಥೇಶ್ ಫೋನ್ ಮಾಡಿದ. “ಅಕ್ಕಾ, ಒಂದೊಂದಕ್ಕೂ ಒಂಬತ್ತು ನಿಮಿಷ. ನಾನೂ ಚುಕ್ಕಿ ಇಡ್ಲಾ?”

ಅವನ ಹಿಂದಿನಿಂದ ಕರಿಸಿದ್ದಪ್ಪನ ದನಿ ಕೇಳಿಸಿತು: “ಲೇ ಹುಡುಗ, ಸರ್ವರ್ರೋ, ನಿನ್ ಕೈಯ್ಯೋ?”

“ಇಡು ಕಣೋ,” ಎಂದಳು ಶಿರೀನ್. “ಆದ್ರೆ ಯಾರಿಗೂ ತೋರಿಸ್ಬೇಡ.”