ಸಂಜೆ ಮಾತ್ರ ಕಾಣುತ್ತಿದ್ದ ದದ್ದು

ಮಾದಪ್ಪನನ್ನು ನಂಬಿದ ನಿಮ್ಮೆಲ್ಲರಿಗೂ ಕೊಳ್ಳೇಗಾಲದ ನೇಕಾರರ ಮನೆಯ ಈ ಹೆಂಗಸಿನ ಶರಣು.

ಕಳೆದ ಕಾರ್ತಿಕದಲ್ಲಿ ನನಗೆ ಜ್ವರ ಹಿಡಿಯಿತು. ಮೊದಲು ಗಂಟಲು ನೋವು. ಆಮೇಲೆ ಬೆರಳಿನ ಗೆಣ್ಣುಗಳು ಊದಿ, ಮಗ್ಗದಲ್ಲಿ ಕಡಿದ ರೇಷ್ಮೆ ಎಳೆಗೆ ಗಂಟು ಹಾಕಲೂ ಆಗದಂತಾಯಿತು. ಹಗಲೆಲ್ಲ ಹೇಗೋ ಇರುತ್ತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈ ಕೆಂಡವಾಗುತ್ತಿತ್ತು. ಆಗ ತೋಳು, ಹೊಟ್ಟೆಯ ಮೇಲೆಲ್ಲ ತಿಳಿಗೆಂಪು ದದ್ದು ಏಳುತ್ತಿತ್ತು. ಬೆಳಿಗ್ಗೆ ನೋಡಿದರೆ ಅದರ ಗುರುತೂ ಇರುತ್ತಿರಲಿಲ್ಲ.

ಊರಿನ ಡಾಕ್ಟರು ಟೈಫಾಯಿಡ್, ಡೆಂಗಿ, ಕ್ಷಯ ಎಲ್ಲಕ್ಕೂ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಮಾತ್ರೆಗೂ ಡ್ರಿಪ್ಪಿಗೂ ಜ್ವರ ಜಗ್ಗಲಿಲ್ಲ. ಕೊನೆಗೆ ನನ್ನ ಯಜಮಾನರನ್ನು ಹೊರಗೆ ಕರೆದು, "ಬಿಳಿ ರಕ್ತಕಣ ಬಹಳ ಜಾಸ್ತಿ ಇದೆ. ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು, ಮೈಸೂರಿಗೆ ಹೋಗಿ" ಎಂದರು. ಅದು ನನ್ನ ಕಿವಿಗೂ ಬಿತ್ತು. ನನ್ನ ಮಗಳು ಇನ್ನೂ ಮೂರನೇ ತರಗತಿ. ಅವಳಿಗೆ ಜಡೆ ಹಾಕಲೂ ನನ್ನ ಬೆರಳು ಬಗ್ಗುತ್ತಿರಲಿಲ್ಲ.

ಹೊರಡುವಾಗ ಅತ್ತೆ ಹಣೆಗೆ ವಿಭೂತಿ ಇಟ್ಟು, "ಮಾದಪ್ಪ ಕೈ ಬುಡಕ್ಕಿಲ್ಲ ಕಣವ್ವ, ಓಗ್ಬಾ" ಎಂದರು.

ಬಸ್ಸು ನರಸೀಪುರ ದಾಟಿದ ಮೇಲೆ ಕೆಟ್ಟು ನಿಂತಿತು. ಬೇರೆ ಬಸ್ಸು ಹಿಡಿದು ಆಸ್ಪತ್ರೆ ಸೇರುವಷ್ಟರಲ್ಲಿ ಓಪಿಡಿ ಮುಚ್ಚಿತ್ತು. ನಾಳೆ ಬನ್ನಿ ಎಂದರು. ಬೆಂಚಿನ ಮೇಲೆ ಕುಸಿದು, "ಮಾದಪ್ಪಂಗೂ ನಾವು ಬ್ಯಾಡವಾದ್ವಾ?" ಎಂದು ಯಜಮಾನರನ್ನು ಕೇಳಿದೆ.

"ಸುಮ್ಕಿರಮ್ಮಿ. ಇಲ್ಲೇ ಇದ್ದು ಒತ್ತಾರೆ ತೋರ್ಸ್ಕಂಡೇ ಓಗವ" ಎಂದರು.

ಹೊತ್ತು ಮುಳುಗಿತು, ಜ್ವರ ಬಂತು. ಸಂಜೆಯ ಡ್ಯೂಟಿಗೆ ಹೋಗುತ್ತಿದ್ದ ಒಬ್ಬ ಡಾಕ್ಟರಮ್ಮ ನನ್ನ ನಡುಕ ಕಂಡು ನಿಂತರು. ನಾಡಿ ಹಿಡಿದವರು ನನ್ನ ತೋಳನ್ನೇ ದಿಟ್ಟಿಸಿದರು.

"ಈ ದದ್ದು ಯಾವಾಗಿಂದ?"

"ದಿನಾ ಸಂಜೆ ಬತ್ತದೆ ಮೇಡಂ. ಒತ್ತಾರೆ ಡಾಕ್ಟ್ರತ್ರ ಓದಾಗ ಇರಕ್ಕಿಲ್ಲ. ಜ್ವರದ ಕಾವಿಗೆ ಅಂದ್ಕಂಡಿದ್ದೆ."

ಕೂಡಲೇ ವಾರ್ಡಿಗೆ ಸೇರಿಸಿಕೊಂಡರು. ಫೆರಿಟಿನ್ ಎಂಬ ಪರೀಕ್ಷೆಯ ಅಂಕಿ ವಿಪರೀತ ಏರಿತ್ತು. ಮೂಳೆಮಜ್ಜೆ ತೆಗೆದು ನೋಡಿದರು, ಕ್ಯಾನ್ಸರ್ ಇರಲಿಲ್ಲ. ಇದು ಸ್ಟಿಲ್ ಎಂಬ ಅಪರೂಪದ ಕಾಯಿಲೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಕ್ರಿಮಿ ಬಂದಾಗ ರಕ್ಷಣೆಯ ಕಣಗಳು ಸೈಟೊಕೈನ್ ಅನ್ನೋ ರಸ ಬಿಟ್ಟು ಒಂದನ್ನೊಂದು ಕರೀತವೆ. ನಿಮ್ಮ ಮೈಯಲ್ಲಿ ಕ್ರಿಮಿ ಇಲ್ಲದೇನೇ ಆ ಕರೆ ನಡೀತಿದೆ. ಜ್ವರ, ಗೆಣ್ಣಿನ ಬಾವು, ದದ್ದು ಎಲ್ಲಾ ಅದರಿಂದಲೇ."

ಸ್ಟೀರಾಯಿಡ್ ಶುರುಮಾಡಿದರು. ಆದರೂ ರಕ್ತಕಣಗಳು ಇದ್ದಕ್ಕಿದ್ದಂತೆ ಇಳಿಯತೊಡಗಿದವು, ಲಿವರ್ ಕೆಟ್ಟಿತು. ನನ್ನ ರಕ್ತವನ್ನು ನನ್ನ ರಕ್ಷಣೆಯ ಕಣಗಳೇ ನುಂಗುತ್ತಿವೆ, ಜೀವಕ್ಕೆ ಅಪಾಯ ಎಂದು ಯಜಮಾನರಿಗೆ ತಿಳಿಸಿ, ಸ್ಟೀರಾಯಿಡ್ ಹೆಚ್ಚಿಸಿ, ಒಂದು ಸೈಟೊಕೈನನ್ನು ತಡೆಯುವ ಇಂಜೆಕ್ಷನ್ ಕೊಟ್ಟರು. ನಾನು ಕಣ್ಣು ಮುಚ್ಚಿ ಮಾದಪ್ಪನ ಏಳುಮಲೆಯನ್ನು ನೆನೆದೆ. ಮಗಳ ಹೆಸರು, ಅವನ ಹೆಸರು, ಎರಡೇ ಬಾಯಿಗೆ ಬರುತ್ತಿದ್ದವು.

ಒಂದು ಸಂಜೆ ಕಿಟಕಿಯಾಚೆ ಬೀದಿದೀಪ ಹತ್ತಿತು. ಯಜಮಾನರು ನನ್ನ ತೋಳು ಮುಟ್ಟುತ್ತಾ ಕಾದರು. ಮೈ ತಣ್ಣಗೇ ಇತ್ತು, ದದ್ದು ಏಳಲಿಲ್ಲ. ಅವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಬಸ್ಸು ಕೆಡದಿದ್ದರೆ ಬೆಳಿಗ್ಗೆಯೇ ತೋರಿಸಿ, ದದ್ದಿಲ್ಲದ ತೋಳಿನಲ್ಲೇ ಮನೆಗೆ ಮರಳುತ್ತಿದ್ದೆವು. ಮಾದಪ್ಪ ತಡಮಾಡಿಸಿದ್ದು ನನ್ನನ್ನು ಉಳಿಸಲೆಂದೇ ಎಂದು ನಂಬಿದ್ದೇನೆ. ಅವನು ಉಳಿಸಿದ್ದು ಡಾಕ್ಟರ ಕೈಯಿಂದ. ಹಾಗಾಗಿ ಔಷಧಿಯನ್ನು ಅವರು ಹೇಳಿದಂತೆಯೇ ಇಂದಿಗೂ ತೆಗೆದುಕೊಳ್ಳುತ್ತಿದ್ದೇನೆ. ಮತ್ತೆ ಮಗ್ಗಕ್ಕೆ ಕೂತಿದ್ದೇನೆ.

ಮೊನ್ನೆ ಎಲ್ಲರೂ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಹೊರಬಂದಾಗ ಅತ್ತೆ, "ಏನ್ ಬೇಡ್ಕಂಡೆ?" ಎಂದು ಕೇಳಿದರು.

"ಬೇಡಕ್ಕೆ ಏನೂ ಗ್ಯಾಪ್ಕಕ್ಕೇ ಬರ್ನಿಲ್ಲ ಅತ್ತೆ" ಎಂದೆ.