ನ್ಯೂಟ್ರಲ್‌ನಲ್ಲಿ ನಿಲ್ಲದ ಬೋಟು

ನಾನು ನಿವೃತ್ತಳಾಗಲು ಇನ್ನೂ ಮೂರು ವರ್ಷ ಇತ್ತು. ಆಗ ಬಾಗಲಕೋಟೆಯಲ್ಲಿ ಸರ್ಕಾರಿ ಇಲಾಖೆಯೊಂದರ ಮೆಕ್ಯಾನಿಕಲ್ ಉಪವಿಭಾಗದಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಮನೆ ಬಾದಾಮಿಯಲ್ಲಿ, ದಿನವೂ ಬಸ್ಸಿನ ಓಡಾಟ. ಪಂಪು, ಜೀಪು, ಜನರೇಟರ್‌ಗಳ ಜೊತೆಗೆ ಹಿನ್ನೀರಿನ ಸರ್ವೆಗೆಂದು ಇದ್ದ ಒಂದು ಮೋಟಾರ್ ಬೋಟಿನ ಉಸ್ತುವಾರಿಯೂ ನನ್ನದಾಗಿತ್ತು. ಅದನ್ನು ನಡೆಸುತ್ತಿದ್ದವರು ಹುನಗುಂದದ ದಾವಲಸಾಬ. ಐವತ್ತು ದಾಟಿದವರು, ಮಾತು ಕಡಿಮೆ.

ಅದು ಸ್ಟರ್ನ್‌ಡ್ರೈವ್ ಬೋಟು. ಅಂದರೆ ಎಂಜಿನ್ ಬೋಟಿನ ಒಳಗಿರುತ್ತದೆ, ಗೇರು ಮತ್ತು ಪ್ರೊಪೆಲ್ಲರ್ ಹಿಂಭಾಗದಲ್ಲಿ ಹೊರಗೆ ನೀರಿನಲ್ಲಿ ತೂಗುತ್ತಿರುತ್ತವೆ. ಚಾಲಕ ಲಿವರ್ ಎಳೆದರೆ ಕೇಬಲ್ಲು ಆ ಎಳೆತವನ್ನು ಗೇರಿನವರೆಗೆ ಒಯ್ಯುತ್ತದೆ. ಅಲ್ಲಿ ಹಲ್ಲುಗಳಿರುವ ಒಂದು ಕ್ಲಚ್ಚು ಮುಂದಿನ ಗೇರನ್ನೋ ಹಿಂದಿನ ಗೇರನ್ನೋ ಕಚ್ಚುತ್ತದೆ. ನ್ಯೂಟ್ರಲ್‌ನಲ್ಲಿ ಅದು ಎರಡರ ನಟ್ಟನಡುವೆ ನಿಲ್ಲಬೇಕು. ಕೇಬಲ್ಲಿನ ತುದಿಯಲ್ಲಿ ತಿರುಗಿಸಿ ಉದ್ದ ಹೊಂದಿಸುವ ಒಂದು ಹಿತ್ತಾಳೆಯ ತುಂಡು ಇರುತ್ತದೆ. ಅದರ ನಾಲ್ಕು ಸುತ್ತು ಹೆಚ್ಚುಕಡಿಮೆಯಾದರೆ ಸಾಕು, ಲಿವರ್ ಒಂದು ಹೇಳುತ್ತದೆ, ಪ್ರೊಪೆಲ್ಲರ್ ಇನ್ನೊಂದು ಮಾಡುತ್ತದೆ.

ಹಳೆಯ ಕೇಬಲ್ಲು ಬಿಗಿಯಾಗಿ ಕೈಗೆ ಭಾರವಾಗಿತ್ತು. ಹೊಸದು ಬಂದಾಗ ಮೆಕ್ಯಾನಿಕ್ ರಜೆಯ ಮೇಲಿದ್ದ. ನಾನೇ ಹಾಕುತ್ತೇನೆಂದು ಒಂದು ಶುಕ್ರವಾರ ಮಧ್ಯಾಹ್ನ ಕೈಹಾಕಿದೆ. ಬೋಟಿನ ಜೊತೆ ಬಂದ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒಬ್ಬರು ಲಿವರ್ ಸರಿಸುವಾಗ ಇನ್ನೊಬ್ಬರು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತಿರಬೇಕು. ಹಾಗೆ ತಿರುಗಿಸದಿದ್ದರೆ ಕ್ಲಚ್ಚಿನ ಹಲ್ಲು ಗೇರಿನ ಸಂದಿಗೆ ಇಳಿಯದೆ ಹಲ್ಲಿನ ಮೇಲೇ ಕೂತುಬಿಡಬಹುದು.

ದಾವಲಸಾಬ ಜುಮ್ಮಾ ನಮಾಜಿಗೆ ಹೋಗಿದ್ದರು. “ಅರ್ಧ ತಾಸಿನ್ಯಾಗ ಬರ್ತೇನ್ರಿ” ಎಂದು ಹೇಳಿಯೇ ಹೋಗಿದ್ದರು. ನನ್ನನ್ನು ಯಾರೂ ಅವಸರ ಮಾಡಿರಲಿಲ್ಲ. ಕಾಯುವ ತಾಳ್ಮೆ ನನಗೇ ಇರಲಿಲ್ಲ. ಒಬ್ಬಳೇ ಲಿವರ್ ಮುಂದಕ್ಕೆ ತಳ್ಳಿ, ಅದು ನಿಂತ ಜಾಗವನ್ನೇ ಪೂರ್ತಿ ಗೇರು ಎಂದು ನಂಬಿ ಉದ್ದ ಹೊಂದಿಸಿದೆ. ಅವರು ಬಂದ ಮೇಲೆ ನೀರಿಗಿಳಿಸಿ ಓಡಿಸಿ ನೋಡಿದೆವು. ಓಡಿತು.

“ಮೇಡಂರಿ, ಗೇರ್ ಹಾಕೂವಾಗ ಕಟ್ ಅಂತೈತ್ರಿ” ಎಂದರು ದಾವಲಸಾಬ.

“ಹೊಸಾ ಕೇಬಲ್ಲು. ಒಗ್ಗತೈತಿ ಬಿಡ್ರಿ” ಎಂದು ಬಸ್ಸಿಗೆ ಹೊರಟೆ.

ಸೋಮವಾರ ಬೆಳಿಗ್ಗೆ ಅವರು ಬೋಟನ್ನು ದಂಡೆಯಿಂದ ಹಿಂದಕ್ಕೆ ತೆಗೆದರು. ಹಿಂದೆ ಸ್ವಲ್ಪ ದೂರದಲ್ಲಿ ಮೀನುಗಾರ ಹನಮಪ್ಪ ಹರಗೋಲಿನಲ್ಲಿ ಕೂತು ಬಲೆ ಎಳೆಯುತ್ತಿದ್ದ. ಅವನನ್ನು ಕಂಡೊಡನೆ ದಾವಲಸಾಬ ಲಿವರನ್ನು ನ್ಯೂಟ್ರಲ್‌ಗೆ ತಂದರಂತೆ. ಬೋಟು ಹಿಂದಕ್ಕೇ ಹೋಯಿತು. ಅವರು ಚಾವಿ ತಿರುಗಿಸಿ ಎಂಜಿನ್ ಆರಿಸುವಷ್ಟರಲ್ಲಿ ಹರಗೋಲು ಮಗುಚಿತ್ತು, ಪ್ರೊಪೆಲ್ಲರ್ ಹನಮಪ್ಪನ ಎಡಗಾಲಿನ ಮೀನಖಂಡವನ್ನು ಸೀಳಿತ್ತು. ನೀರಿಗೆ ಹಾರಿ ಅವನನ್ನು ಮೇಲೆತ್ತಿದವರೂ ದಾವಲಸಾಬರೇ.

ನಾನು ದವಾಖಾನೆಗೆ ಹೋದಾಗ ಹನಮಪ್ಪನ ಹೆಂಡತಿ ಗಂಗವ್ವ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ನಾನೂ ಪಕ್ಕದ ಬೆಂಚಿನ ಮೇಲೆ ಕೂತೆ.

“ಕಾಲ ಉಳಿತೈತಿ ಅಂದಾರ್ರಿ ಡಾಕ್ಟರು” ಎಂದಳು. ಆಮೇಲೆ, “ಆ ಡ್ರೈವರ್‌ಗ ಕಣ್ಣ ಇದ್ದಿಲ್ಲೇನ್ರಿ?”

ಶುಕ್ರವಾರದ ಆ ‘ಕಟ್’ ಸದ್ದು ನನ್ನ ಕಿವಿಯಲ್ಲೇ ಇತ್ತು. ಆದರೂ ಬಾಯಿ ಬಿಡಲಿಲ್ಲ.

ಮರುದಿನ ಕಾರ್ಯನಿರ್ವಾಹಕ ಎಂಜಿನಿಯರ್ ಸಾಹೇಬರು ಕರೆಸಿದರು. ಅವರು ಮೈಸೂರು ಕಡೆಯವರು, ಕೆಟ್ಟವರಲ್ಲ. ಬೋಟನ್ನು ದಂಡೆಯಲ್ಲಿ ಎರಡು ಸಲ ಪರೀಕ್ಷಿಸಿದ್ದರು. ಎರಡು ಸಲವೂ ನ್ಯೂಟ್ರಲ್ ಸರಿಯಾಗಿತ್ತು. ದಾವಲಸಾಬರನ್ನು ಆಗಲೇ ಅಮಾನತು ಮಾಡಿಯಾಗಿತ್ತು.

“ಗಾಬರಿಯಲ್ಲಿ ರಿವರ್ಸ್ ಎಳೆದಿದ್ದಾನೆ. ಯಂತ್ರದಲ್ಲಿ ದೋಷವಿಲ್ಲ ಎಂದು ಒಂದು ಪುಟ ವರದಿ ಕೊಟ್ಟುಬಿಡಿ” ಎಂದರು.

ಶುಕ್ರವಾರದೊಳಗೆ ಕೊಡುವುದೆಂದಾಯಿತು. ಆ ಮೂರು ದಿನ ನಾನು ಒಂದು ಕಡೆ ಕೂತವಳಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಬಾಗಿಲ ಹತ್ತಿರ ನಿಂತೇ ಬಂದೆ. ಅತ್ತೆಯವರನ್ನು ಚೊಳಚಗುಡ್ಡದ ಬನಶಂಕರಿ ಗುಡಿಗೆ ಕರೆದುಕೊಂಡು ಹೋಗಿ, ಅವರು ಒಳಗಿರುವಾಗ ಹೊಂಡದ ಸುತ್ತ ಸುಮ್ಮನೆ ತಿರುಗಿದೆ. ದೋಷವಿಲ್ಲ ಎಂದು ಬರೆದು ಹರಿದೆ. ದೋಷವಿರಬಹುದು ಎಂದು ಬರೆದು ಅದನ್ನೂ ಹರಿದೆ. ಎರಡು ಸಲ ಸರಿಯಿದ್ದ ನ್ಯೂಟ್ರಲ್ ಮೂರನೆಯ ಸಲವೂ ಸರಿಯಿರುತ್ತದೆಯೇ? ಅದನ್ನು ನೋಡದೆ ಏನು ಬರೆದರೂ ಸುಳ್ಳಾಗುತ್ತಿತ್ತು.

ಗುರುವಾರ ದಾವಲಸಾಬರಿಗೆ ಫೋನ್ ಮಾಡಿದೆ. ಅಮಾನತಿನಲ್ಲಿದ್ದವರನ್ನು ಕರೆಯುವ ಹಾಗಿರಲಿಲ್ಲ, ಆದರೂ ಕರೆದೆ. ಬಂದರು. ಬೋಟು ಷೆಡ್ಡಿನಲ್ಲಿ ಟ್ರೇಲರಿನ ಮೇಲಿತ್ತು. ಕೆಲಸ ಇಬ್ಬರದು: ನಾನು ಲಿವರ್ ಹತ್ತಿರ, ಅವರು ಪ್ರೊಪೆಲ್ಲರ್ ಹತ್ತಿರ. ಅವರು ಅದಕ್ಕೆ ಪಂಖ ಅನ್ನುತ್ತಿದ್ದರು. ಪಂಖದ ಮುಂದೆ ನಿಂತು ಕೈ ಚಾಚಲಿಲ್ಲ.

“ಚಾವಿ ಎಲ್ಲೈತ್ರಿ ಮೇಡಂರಿ?”

ಅದನ್ನು ನಾನೇ ಮೊದಲು ಯೋಚಿಸಬೇಕಿತ್ತು. ಚಾವಿ ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಪಂಖ ಹಿಡಿದರು.

ನ್ಯೂಟ್ರಲ್‌ನಲ್ಲಿ ಗೇರು ಬಿಟ್ಟಿದ್ದರೆ ಪಂಖ ಕೈಗೆ ಸಲೀಸಾಗಿ ತಿರುಗಬೇಕು. ರಿವರ್ಸ್ ಹಾಕಿ ನ್ಯೂಟ್ರಲ್‌ಗೆ ತಂದೆ. “ತಿರಗತೈತ್ರಿ” ಎಂದರು. ಮತ್ತೆ ಹಾಕಿ ತಂದೆ. “ತಿರಗತೈತ್ರಿ.” ಹೀಗೆ ಆರು ಸಲ. ಏಳನೆಯ ಸಲ ಅವರು ಪಂಖವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಿದ್ದರು.

“ತಿರಗವಲ್ದರಿ” ಎಂದರು ಕೊನೆಗೆ. “ನೀವ ಬಂದ ನೋಡ್ರಿ.”

ಇಳಿದು ಹೋಗಿ ಕೈಯಿಟ್ಟೆ. ಲಿವರ್ ನ್ಯೂಟ್ರಲ್‌ನಲ್ಲಿತ್ತು, ಪ್ರೊಪೆಲ್ಲರ್ ರಿವರ್ಸ್ ಗೇರಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು. ನಾನು ಉದ್ದ ಹೊಂದಿಸಿದ ಜಾಗದಲ್ಲಿ ಕ್ಲಚ್ಚು ನಡುವೆ ನಿಲ್ಲದೆ ಹಿಂದಿನ ಗೇರಿನ ಕಡೆ ವಾಲಿತ್ತು. ಒಮ್ಮೊಮ್ಮೆ ಬಿಡುತ್ತಿತ್ತು, ಒಮ್ಮೊಮ್ಮೆ ಬಿಡುತ್ತಿರಲಿಲ್ಲ.

“ತಪ್ಪು ನಂದು, ದಾವಲಸಾಬ. ಅವತ್ತು ನೀವಿಲ್ಲದಾಗ ಒಬ್ಬಾಕಿನೇ ಅಡ್ಜಸ್ಟ್ ಮಾಡಿದ್ದೆ.”

ಅವರು ಪಂಖದಿಂದ ಕೈ ತೆಗೆದರು. “ಅರ್ಧ ತಾಸಿನ್ಯಾಗ ಬರ್ತೇನಿ ಅಂದಿದ್ದೆಲ್ರಿ” ಎಂದರು, ಅಷ್ಟೇ. ಚಾವಿ ನನ್ನ ಕೈಗೆ ಕೊಟ್ಟು ಹೋದರು.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಸಾಹೇಬರು ಎರಡು ಸಲ ಓದಿ, “ನಿಮ್ಮ ಸರ್ವಿಸ್ ಇನ್ನೆಷ್ಟು ವರ್ಷ ಇದೆ?” ಎಂದು ಕೇಳಿದರು. ಹೇಳಿದೆ. ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ದಾವಲಸಾಬರ ಅಮಾನತು ರದ್ದಾಯಿತು. ನನಗೆ ಆರೋಪಪಟ್ಟಿ ಬಂತು, ಬರಬೇಕಾಗಿದ್ದ ಬಡ್ತಿ ಬರಲಿಲ್ಲ.

ವರದಿ ಕೊಟ್ಟ ಸಂಜೆಯೇ ಗಂಗವ್ವನಿಗೂ ಹೇಳಿದೆ. ಬೈದರೆ ಬೈಯಲಿ ಎಂದುಕೊಂಡೇ ಹೋಗಿದ್ದೆ. ಅವಳು ಬೈಯಲಿಲ್ಲ. “ಮತ್ತ ಅವತ್ತ ನನ್ನ ಬಾಜೂಕ ಯಾಕ ಸುಮ್ಮನ ಕುಂತಿದ್ರಿ?” ಎಂದಳು. ಹನಮಪ್ಪ ಐದು ತಿಂಗಳ ಮೇಲೆ ಮತ್ತೆ ನೀರಿಗಿಳಿದ. ಅವನ ನಡಿಗೆಯಲ್ಲಿ ಸ್ವಲ್ಪ ಎಳೆತ ಉಳಿಯಿತು.

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಒಪ್ಪಿಕೊಂಡದ್ದರಿಂದ ಒಬ್ಬರ ನೌಕರಿ ಉಳಿಯಿತು, ಒಪ್ಪಿಕೊಳ್ಳಲು ಅಷ್ಟು ಕಾರಣ ಸಾಕು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಚಾಲಕ ಒಂದು ಸದ್ದು ಕೇಳಿಸಿತೆಂದು ಹೇಳಿದರೆ, ಆ ಸದ್ದು ಎಲ್ಲಿಂದ ಬಂತೆಂದು ಗೊತ್ತಾಗುವವರೆಗೆ ಯಂತ್ರ ನಿಲ್ಲಬೇಕು ಎಂಬುದನ್ನೂ ಕಲಿಸಿತು. ಉಳಿದ ಮೂರು ವರ್ಷ ಸರ್ವೆಯವರ ಜೊತೆ ಎಷ್ಟೋ ಸಲ ಆ ಬೋಟಿನಲ್ಲಿ ಹೋದೆ. ದಾವಲಸಾಬರೇ ನಡೆಸುತ್ತಿದ್ದರು. ದಂಡೆ ಬಿಟ್ಟು ಬೋಟು ಹಿಂದಕ್ಕೆ ಸರಿಯುವಾಗ ಉಳಿದವರೆಲ್ಲ ಕೂತಿರುತ್ತಿದ್ದರು. ನಾನು ಮಾತ್ರ ಎದ್ದು ಹಿಂದೆ ಹೋಗಿ, ಪ್ರೊಪೆಲ್ಲರ್ ಕಲಕಿದ ನೀರು ಶಾಂತವಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದೆ.