ಮೂರೂವರೆ ಪೌಂಡ್ ಗಾಳಿ

ಬಂದರು ರಸ್ತೆಯ ತಿರುವಿನಲ್ಲಿದ್ದ ಟಯರ್ ಅಂಗಡಿಯ ಯಜಮಾನ ಮೂವತ್ತೆರಡು ವರ್ಷ ಬೇರೆಯವರ ಚಕ್ರಗಳಿಗೆ ಗಾಳಿ ತುಂಬಿದ್ದ. ಲಾರಿಗಳು ಕುಂಟುತ್ತ ಬರುತ್ತಿದ್ದವು, ಅವನ ಕೈಯಲ್ಲಿ ನೆಟ್ಟಗಾಗಿ ಎಲ್ಲಿಗೋ ಹೋಗುತ್ತಿದ್ದವು. ಅವನು ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಜನ ಅವನನ್ನು ಗಾಳಿಯಣ್ಣ ಎಂದು ಕರೆದರು. ಮೊದಮೊದಲು ಕೆಲಸ ನೋಡಿ, ಆಮೇಲಾಮೇಲೆ ಮಾತು ಕೇಳಿ.

ಅವನ ಅಂಗಡಿಯಲ್ಲಿ ಗಾಳಿ ಅಳೆಯುವ ಮೀಟರ್ ಇರಲಿಲ್ಲವೆಂದಲ್ಲ. ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದರೊಳಗೆ ಸಂಸಾರ ಹೂಡಿದ ಜೇಡವೊಂದು ಮೊಮ್ಮಕ್ಕಳನ್ನೂ ಕಂಡಿತ್ತು. ಗಾಳಿಯಣ್ಣ ಬೆರಳ ಗೆಣ್ಣಿನಿಂದ ಕಾರಿನ ಟಯರಿಗೆ ಎರಡು ಬಾರಿ ಬಡಿದು, ತಲೆ ವಾಲಿಸಿ ಕೇಳಿ, "ಇಪ್ಪತ್ತೆಂಟು" ಎನ್ನುತ್ತಿದ್ದ. ನಂಬದ ಡ್ರೈವರನೊಬ್ಬ ಒಮ್ಮೆ ತನ್ನದೇ ಮೀಟರ್ ತಂದು ಇಟ್ಟು ನೋಡಿದ. ಇಪ್ಪತ್ತೆಂಟೇ ಇತ್ತು. ಅಂದಿನಿಂದ ಗಾಳಿಯಣ್ಣನಿಗೆ ಅಂಗೈ ಹುಣ್ಣಿಗೂ ಕನ್ನಡಿ ಬೇಡವಾಯಿತು, ಬೆನ್ನಿನ ಹುಣ್ಣಿಗೂ ಬೇಡವಾಯಿತು.

ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ದಿನಕ್ಕೆ ನಲವತ್ತು ತೋಳುಗಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿ ಬರೆಯುವವಳು.

"ನಾನೂ ನಾಳೆಯಿಂದ ಬಸುರಿಯರ ತೋಳಿಗೆ ಎರಡು ಗುದ್ದಿ, ನೂರಿಪ್ಪತ್ತು ಎಂಬತ್ತು ಅಂತ ಬರೆದುಬಿಡ್ತೀನಿ. ಎಷ್ಟು ಸಮಯ ಉಳಿಯತ್ತೆ!" ಎನ್ನುತ್ತಿದ್ದಳು.

ಐವತ್ತಾರನೆಯ ವಯಸ್ಸಿಗೆ ಗಾಳಿಯಣ್ಣನಿಗೆ ತಾನೂ ಎಲ್ಲಿಗಾದರೂ ಹೋಗಬೇಕೆನಿಸಿತು. ಬಸ್ಸು ಹತ್ತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅವನು ಅಂಗಡಿಯನ್ನು ಹೆಂಡತಿಯ ತಮ್ಮನಿಗೆ ಮಾರಿ, ನೂರೈವತ್ತು ಕುದುರೆ ಶಕ್ತಿಯ, ಗಾಳಿ ತುಂಬುವ ವೇಗದ ದೋಣಿಯನ್ನು ಕೊಂಡ. ಕಡಲ ನಡುವಿನ ಬಂಡೆಯ ಮೇಲಿನ ದೀಪಸ್ತಂಭಕ್ಕೆ ಜನರನ್ನು ಕರೆದೊಯ್ದು ತೋರಿಸುವುದು ಅವನ ಹೊಸ ಉದ್ಯೋಗ. ಅದಕ್ಕೆ ಬಂದರು ಕಚೇರಿಯ ಪರವಾನಗಿ ಬೇಕು. ಸಿಗದಿದ್ದರೆ ತಾನೇ ಕಟ್ಟಿದ ಅಂಗಡಿಯಲ್ಲಿ ಭಾವಮೈದುನನ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಭಾವಮೈದುನ ಮಾತ್ರ ಅಂಗಡಿಯಲ್ಲಿ ಒಂದು ಹೆಚ್ಚಿನ ಸ್ಟೂಲ್ ಹಾಗೇ ಇಟ್ಟುಕೊಂಡಿದ್ದ.

ದೋಣಿ ಮಾರಿದ ಹುಡುಗನ ಬೂಟು ದೋಣಿಗಿಂತ ಹೆಚ್ಚು ಹೊಳೆಯುತ್ತಿತ್ತು. ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ತಳ ಗಟ್ಟಿ ಫೈಬರಿನದು. ಸುತ್ತಲಿನ ದಪ್ಪ ಕೊಳವೆಯಲ್ಲಿ ಐದು ಕೋಣೆಗಳು, ಒಂದು ಹೋದರೂ ದೋಣಿ ಮುಳುಗುವುದಿಲ್ಲ. ಓಡಿಸುವವನು ಕಾಲಿಗೆ ಕಟ್ಟಿಕೊಳ್ಳಲು ಒಂದು ಕೆಂಪು ಸುರುಳಿ ದಾರ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ.

"ಹೊಕ್ಕುಳಬಳ್ಳಿ ಇದ್ದಂಗಿದೆ" ಎಂದಳು ನರ್ಸು. "ಇವರಿಗೆ ಎರಡು ಕೊಡಿ."

"ಗಾಳಿ ಮೂರೂವರೆ ಪೌಂಡ್, ಸಾರ್. ಜಾಸ್ತಿ ಹಾಕಬಾರದು. ಮೀಟರ್ ಡಬ್ಬದಲ್ಲೇ ಇದೆ."

ಗಾಳಿಯಣ್ಣ ಹುಡುಗನನ್ನು ಅನುಕಂಪದಿಂದ ನೋಡಿದ. "ಮೂರೂವರೆ? ಲೋ ತಮ್ಮಾ, ಮಕ್ಕಳ ಮೂರು ಚಕ್ರದ ಸೈಕಲ್ಲಿಗೆ ಅಷ್ಟೇ ಹಾಕಿದ್ರೆ ಮಗು ಅಳತ್ತೆ."

ಮೀಟರ್ ಪ್ಲಾಸ್ಟಿಕ್ ಕವರ್ ಬಿಚ್ಚದೆ ಮನೆಯ ಕಪಾಟು ಸೇರಿತು. ಜೇಡಗಳಿಗೆ ಇನ್ನೊಂದು ನಿವೇಶನ ಸಿಕ್ಕಂತಾಯಿತು.

ಪರವಾನಗಿ ಪರೀಕ್ಷೆಯ ದಿನ ಬೆಳಗಿನ ತಂಪಿನಲ್ಲೇ ದೋಣಿಯನ್ನು ಟ್ರೈಲರಿನ ಮೇಲೆ ಹಳೆಯ ಅಂಗಡಿಗೆ ಎಳೆದು ತಂದ. ಕಾಲಲ್ಲಿ ತುಳಿಯುವ ಪಂಪು ದೋಣಿಯ ಜೊತೆಗೇ ಬಂದಿತ್ತು. ಅದು ಆಟದ ಸಾಮಾನು. ಗಾಳಿಯಣ್ಣ ಲಾರಿಗೆ ಬಳಸುವ ಕಂಪ್ರೆಸರಿನ ಪೈಪು ಎಳೆದ.

"ಭಾವ, ಸಾಕೇನೋ" ಎಂದ ಭಾವಮೈದುನ.

"ನೀನು ಹುಟ್ಟೋಕೆ ಮುಂಚೆ ನಾನು ಪಂಪು ಹಿಡಿದಿದ್ದೆ."

"ನಾನು ಹುಟ್ಟಿ ನಲವತ್ತೈದು ವರ್ಷ ಆಯ್ತು, ಭಾವ. ನೀವು ಪಂಪು ಹಿಡಿದು ಮೂವತ್ತೆರಡು."

"ಲೆಕ್ಕ ಬಿಡು. ಶಬ್ದ ಕೇಳು."

ಗೆಣ್ಣಿನಿಂದ ಬಡಿದ. ಕೊಳವೆ ಲಾರಿ ಟಯರಿನಂತೆ ಖಣ್ ಎಂದಿತು. ಗಾಳಿಯಣ್ಣನ ಮುಖದಲ್ಲಿ ಆಗತಾನೆ ಹುಟ್ಟಿದ ಮಗು ಅತ್ತದ್ದು ಕೇಳಿದ ಅಪ್ಪನ ಕಳೆ.

ಹತ್ತು ಗಂಟೆಗೆಂದಿದ್ದ ಪರೀಕ್ಷಕಿ ಸರ್ಕಾರಿ ಹತ್ತಕ್ಕೆ, ಎಂದರೆ ಹನ್ನೆರಡೂವರೆಗೆ ಬಂದಳು. ಅಷ್ಟು ಹೊತ್ತೂ ದೋಣಿ ಬಂದರಿನ ದಡದ ಕಾಂಕ್ರೀಟಿನ ಇಳಿಜಾರಿನಲ್ಲಿ ಬಿಸಿಲು ಕಾಯುತ್ತಿತ್ತು. ಬಿಸಿಲಿಗೆ ಗಾಳಿ ಹಿಗ್ಗುತ್ತದೆ ಎಂಬುದು ಗಾಳಿಯಣ್ಣನಿಗೆ ತಿಳಿಯದ್ದಲ್ಲ. ನೂರಾರು ಡ್ರೈವರುಗಳಿಗೆ ಅದನ್ನೇ ಉಪದೇಶ ಮಾಡಿದ್ದ. ಉಪದೇಶ ಬೇರೆಯವರಿಗಿರುವುದು.

ಪರೀಕ್ಷಕಿ ಫೈಲು ಬಿಚ್ಚಿ, "ಎಲ್ಲಾ ಸರಿಯಾಗಿದೆಯಾ?" ಎಂದು ಕೇಳಿದಳು.

"ಕಲ್ಲು ಕಲ್ಲಿದ್ದಂಗಿದೆ ಮೇಡಂ" ಎಂದ ಗಾಳಿಯಣ್ಣ. ಸಾಕ್ಷಿಗೆಂದು ಗೆಣ್ಣಿನಿಂದ ಒಂದೇ ಒಂದು ಸಲ ಬಡಿದ.

ಡಮಾರ್!

ಮುಂಭಾಗದ ಕೋಣೆಯ ಅಂಟು ಬಿಚ್ಚಿಕೊಂಡಿತು. ದಡದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಪರೀಕ್ಷಕಿಯ ಫೈಲು ನೀರಿಗೆ ಬಿತ್ತು. ದೋಣಿಯ ಮೂತಿ ಮೆಲ್ಲಗೆ, ಬಹಳ ಹೊತ್ತು ಸುಯ್ಯೆನ್ನುತ್ತ, ಗಾಳಿಯಣ್ಣನ ಪಾದದ ಮೇಲೆ ಬಂದು ಮಲಗಿತು.

"ನಿಮ್ಮ ಅನುಭವ ಎಷ್ಟು ವರ್ಷದ್ದು?" ಫೈಲು ಎತ್ತಿ ಒದರುತ್ತ ಪರೀಕ್ಷಕಿ ಕೇಳಿದಳು.

"ಮೂವತ್ತೆರಡು ವರ್ಷ ಮೇಡಂ."

"ಯಾವುದರಲ್ಲಿ?"

"ಗಾಳಿಯಲ್ಲಿ."

ಅವಳು ಅದನ್ನು ಬರೆದುಕೊಳ್ಳಲಿಲ್ಲ. ಒಂದು ತಿಂಗಳು ಬಿಟ್ಟು ಇನ್ನೊಂದು ಅವಕಾಶ, ಅದೂ ಹೋದರೆ ಮುಂದಿನ ವರ್ಷ ಎಂದು ಹೇಳಿ ಹೊರಟಳು. ಮರುದಿನ ಭಾವಮೈದುನ ಆ ಹೆಚ್ಚಿನ ಸ್ಟೂಲನ್ನು ಒರೆಸಿಟ್ಟ, ಅಷ್ಟೇ.

ಒಂದು ತಿಂಗಳು ಗಾಳಿಯಣ್ಣ ಅದರ ಮೇಲೆ ಕೂತು ಸ್ಪ್ಯಾನರ್ ಎತ್ತಿಕೊಟ್ಟ. ಗಿರಾಕಿಗಳು ಕುಶಲ ವಿಚಾರಿಸಿದರು. "ಏನಣ್ಣಾ, ಕಡಲು ಹೇಗಿದೆ?" ಎಂದು ಕೇಳದವರು ಊರಲ್ಲಿ ಇಬ್ಬರೇ ಉಳಿದರು, ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಸಂಜೆ ಅಂಗಳದಲ್ಲಿ ದೋಣಿಯ ಗಾಯಕ್ಕೆ ಮದ್ದು. ಟ್ಯೂಬಿಗೆ ಹತ್ತು ನಿಮಿಷದಲ್ಲಿ ಪ್ಯಾಚ್ ಹಾಕುವವನಿಗೆ ಕೊಳವೆಯ ಈ ರಬ್ಬರು ಬಟ್ಟೆ ಬೇರೆಯೇ ಭಾಷೆ ಮಾತಾಡಿತು. ಉಪ್ಪುಕಾಗದದಲ್ಲಿ ಉಜ್ಜಬೇಕು, ತೆಳ್ಳಗೆ ಮೂರು ಸಲ ಅಂಟು ಹಚ್ಚಬೇಕು, ಪ್ರತಿ ಸಲವೂ ಕಾಯಬೇಕು, ಆಮೇಲೆ ಒಂದು ಇಡೀ ದಿನ ಗಾಳಿ ತುಂಬಬಾರದು.

ಎರಡು ಗಂಟೆ ಕಳೆಯುವುದರೊಳಗೇ ಅವನ ಕೈ ಪಂಪಿನ ಕಡೆ ಹೋಯಿತು.

"ಹೊಲಿಗೆ ಹಾಕಿದ ಬಾಣಂತಿನ ಅರ್ಧ ಗಂಟೆಗೇ ಎಬ್ಬಿಸಿ ಓಡಿಸ್ತಾರೇನ್ರೀ?" ಎಂದಳು ಹೆಂಡತಿ. ಕಪಾಟಿನಿಂದ ಮೀಟರ್ ತಂದು, ಕವರ್ ಹರಿದು, ಅವನ ಅಂಗೈಯಲ್ಲಿಟ್ಟಳು. "ತಗೊಳ್ಳಿ ಕನ್ನಡಿ."

ಎರಡನೇ ಪರೀಕ್ಷೆಯ ಬೆಳಿಗ್ಗೆ ಅವನು ಕಾಲಿನ ಪಂಪು ತುಳಿದ. ಮುಳ್ಳು ಮೂರೂವರೆಗೆ ಬಂದು ನಿಂತಿತು. ಬಡಿದರೆ ಕೊಳವೆ ದಿಂಬಿನಂತೆ ಬೊದ್ ಎಂದಿತು. ಇಷ್ಟು ಮೆತ್ತಗಿನ ವಸ್ತುವನ್ನು ನಾಲ್ಕು ಜನರ ಮುಂದೆ ಹೇಗೆ ಎಳೆದುಕೊಂಡು ಹೋಗುವುದು ಎಂದು ಅವನಿಗೆ ನಾಚಿಕೆಯಾಯಿತು. ಮೇಲೊಂದು ಹಳೆಯ ಹೊದಿಕೆ ಹೊದಿಸಿಯೇ ಒಯ್ದ.

ಜೊತೆಗೊಬ್ಬರು ಇರಬೇಕೆಂದು ನಿಯಮವಿತ್ತು. ರಜೆ ಹಾಕಿ ಬಂದ ನರ್ಸು, ಲೈಫ್ ಜಾಕೆಟ್ಟಿನಲ್ಲಿ ಉಬ್ಬಿಕೊಂಡು, ಗಂಡನ ಕಾಲಿಗೆ ಕೆಂಪು ದಾರ ತಾನೇ ಸಿಕ್ಕಿಸಿದಳು. ಪರೀಕ್ಷಕಿ ಹಿಂದಿನ ಸೀಟಿನಲ್ಲಿ ಫೈಲನ್ನು ಈ ಸಲ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ನದಿ ಕಡಲು ಸೇರುವ ಅಳಿವೆ ದಾಟಿದ ಮೇಲೆ ಅವನು ವೇಗ ಕೊಟ್ಟ. ಮೂತಿ ಎದ್ದಿತು, ತಗ್ಗಿತು. ದೋಣಿ ನೀರನ್ನು ಸೀಳುವುದು ಬಿಟ್ಟು ಅದರ ಮೇಲೇ ಓಡತೊಡಗಿತು. ಮೊದಲ ದೊಡ್ಡ ಅಲೆ ಬಂದಾಗ ಗಾಳಿಯಣ್ಣ ಹಲ್ಲು ಕಚ್ಚಿದ. ಕೊಳವೆ ಅಲೆಯನ್ನು ಎದುರಿಸಲಿಲ್ಲ. ತುಸು ತಗ್ಗಿ ಅದನ್ನು ನುಂಗಿ ಮತ್ತೆ ದುಂಡಾಯಿತು. ಎರಡನೆಯದನ್ನೂ. ಮೂರನೆಯದಕ್ಕೆ ಅವನ ಮಂಡಿಗಳು ತಾವಾಗಿ ಹಾಗೇ ಮಾಡಿದವು.

ತಿರುಗಿಸಿ ಎಂದಳು ಪರೀಕ್ಷಕಿ. ತಿರುಗಿಸಿದ. ಅವಳು ನೀರಿಗೆ ಒಂದು ಖಾಲಿ ಡಬ್ಬ ಎಸೆದು, "ಮನುಷ್ಯ ಬಿದ್ದಿದ್ದಾನೆ, ಎತ್ತಿ" ಎಂದಳು. ಅವನು ನಿಧಾನಕ್ಕೆ ಪಕ್ಕಕ್ಕೆ ಬಂದ. ಹೆಂಡತಿ ಹೊಸದಾಗಿ ಹುಟ್ಟಿದ್ದನ್ನು ಎತ್ತುವ ಹಾಗೆ ತಲೆಗೆ ಆಸರೆ ಕೊಟ್ಟು ಡಬ್ಬವನ್ನು ಎತ್ತಿಕೊಂಡಳು.

ಆಗ ಅವನು ದಡದ ಕಡೆ ನೋಡಿದ. ಬಂದರು ರಸ್ತೆಯ ತಿರುವು ಉಗುರಿನಷ್ಟಿತ್ತು. ಅಲ್ಲೊಂದು ಲಾರಿ ನಿಂತಿತ್ತು, ಅದರ ಬುಡದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಮೂವತ್ತೆರಡು ವರ್ಷ ಎಲ್ಲಿಗೋ ಹೋದವರಿಗೆ ತಾನು ಹೀಗೇ ಕಂಡಿರಬೇಕು. ಗಾಳಿಯಣ್ಣ ಏನೂ ಹೇಳದಿದ್ದದ್ದು ಅದೇ ಮೊದಲು ಎಂದು ಹೆಂಡತಿ ಗಮನಿಸಿದಳು, ಆದರೆ ದಾಖಲಿಸಲು ಕಾಗದವಿರಲಿಲ್ಲ.

ಕಾಗದವಿದ್ದವಳು ಪರೀಕ್ಷಕಿ. ದಡಕ್ಕೆ ಬಂದ ಮೇಲೆ ಅದರ ಮೇಲೆ ಸಹಿ ಹಾಕಿ ಕೊಟ್ಟಳು.

ಸುದ್ದಿ ಕೇಳಿ ಭಾವಮೈದುನ ಎಣ್ಣೆಗೈಯಲ್ಲೇ ಓಡಿ ಬಂದ. ದೋಣಿಯ ಸುತ್ತ ಒಂದು ಸುತ್ತು ಹಾಕಿದ. ತಲೆ ವಾಲಿಸಿದ. ಬೆರಳ ಗೆಣ್ಣಿನಿಂದ ಕೊಳವೆಗೆ ಎರಡು ಬಾರಿ ಬಡಿದ.

"ಭಾವ," ಎಂದ ಬಹಳ ಗಂಭೀರವಾಗಿ, "ಗಾಳಿ ಕಮ್ಮಿ ಇದೆ."

ಗಾಳಿಯಣ್ಣ ಜೇಬಿನಿಂದ ಮೀಟರ್ ತೆಗೆದು ಅವನ ಕೈಗಿಟ್ಟ.